ಗಂಟೆ ಆಂಟಿಯ ಮೂರು ನಿಮಿಷ

ನ್ಯೂಜೆರ್ಸಿಯ ನಮ್ಮ ಕನ್ನಡ ಬಳಗದಲ್ಲಿ ನನ್ನನ್ನು ಗಂಟೆ ಆಂಟಿ ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ. ಹೋದ ವರ್ಷದ ತನಕ ಅದನ್ನು ಬಿರುದು ಅಂತಲೇ ತಿಳಿದುಕೊಂಡಿದ್ದೆ.

ಅದು ಶುರುವಾದದ್ದು ಒಂದು ರಾಜ್ಯೋತ್ಸವದ ದಿನ. ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣ. ಭಾಷಣಕ್ಕೆ ಐದು ಮಂದಿ. ನಮ್ಮವರ ಭಾಷಣ ನಿಮಗೆ ಗೊತ್ತೇ ಇದೆ: "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಮುಂಭಾಗದಲ್ಲಿರುವ ಸಹೃದಯ ಬಂಧುಗಳೇ" ಅಂತ ಹತ್ತಿದರೆ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಮಾಜಿಯ ಮಾಜಿಗಳು, ಮೈಕ್ ಸೆಟ್ ತಂದುಕೊಟ್ಟವರು, ಎಲ್ಲರ ಹೆಸರೂ ಮುಗಿಯುವ ಹೊತ್ತಿಗೆ ಹೇಳಬೇಕಾದ ವಿಷಯ ಹೇಳುವವರಿಗೇ ಮರೆತಿರುತ್ತದೆ. ಡ್ಯಾನ್ಸಿಗೆ ಬಣ್ಣ ಹಚ್ಚಿಕೊಂಡಿದ್ದ ಮಕ್ಕಳು ಅಮ್ಮಂದಿರ ತೊಡೆ ಮೇಲೆ ನಿದ್ದೆಹೋಗಿದ್ದವು. ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತು ಟ್ರೇಗಳಲ್ಲೇ ಗಟ್ಟಿಯಾಗುತ್ತಿತ್ತು. ದೀಪ ಬೆಳಗಿಸುವಾಗ ಬೇಕಾಗುತ್ತದೆ ಅಂತ ಮನೆಯಿಂದ ಪೂಜೆಯ ಗಂಟೆ ತಂದಿದ್ದೆ. ತಡೆಯಲಾರದೆ ಅದನ್ನೆತ್ತಿ ಬಾರಿಸಿಯೇ ಬಿಟ್ಟೆ. ಆಮೇಲೆ ಚಪ್ಪಾಳೆ ನೋಡಬೇಕಿತ್ತು. ಮುಂದಿನ ವರ್ಷದಿಂದ ಸಮಿತಿಯವರೇ ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸತೊಡಗಿದರು.

ಅಂದಿನಿಂದ ನನಗೆ ಪೀಠಿಕೆ ಅಂದರೆ ಆಗುವುದಿಲ್ಲ. ಯಾರು ನಾನು, ಯಾರ ಮಗ, ಯಾರ ಶಿಷ್ಯ ಅಂತ ಯಾರಾದರೂ ಶುರುಮಾಡಿದರೆ ಬೆರಳು ತಾನಾಗಿ ಗಂಟೆಯ ಹಿಡಿಗೆ ಹೋಗುತ್ತದೆ. ಈ ಗುಣವನ್ನೇ ನಾನು ಹೊಟ್ಟೆಪಾಡಿನ ಕೆಲಸಕ್ಕೂ ತೆಗೆದುಕೊಂಡು ಹೋದೆ.

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಮೈಸೂರಿನಲ್ಲಿ ಓದಿದವಳು. ಸೀಕಾಕಸ್‌ನಲ್ಲಿ ಮನೆ, ಅಲ್ಲಿಂದ ರೈಲು ಹಿಡಿದು ಮ್ಯಾನ್‌ಹಟನ್‌ಗೆ ದಿನಾ ಕಮ್ಯೂಟ್ ಮಾಡುತ್ತೇನೆ. ನಮ್ಮ ಕಂಪನಿ ದೊಡ್ಡ ದೊಡ್ಡ ವಿದ್ಯುತ್ ಯೋಜನೆಗಳಿಗೆ ವರದಿ ಬರೆದುಕೊಡುತ್ತದೆ. ಎರಡು ವರ್ಷದ ಹಿಂದೆ ನಮಗೆ ಸಿಕ್ಕ ಕೆಲಸ ದೇಶದ ಇನ್ನೊಂದು ತುದಿಯದು: ನೈಋತ್ಯದ ಮರುಭೂಮಿಯಲ್ಲಿ, ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲದಲ್ಲಿ, ಒಂದು ಕಲ್ಲಿದ್ದಲ ಗಣಿಯೂ ಅದರ ಕಲ್ಲಿದ್ದಲಿನಿಂದ ನಡೆಯುವ ವಿದ್ಯುತ್ ಸ್ಥಾವರವೂ ಮುಚ್ಚಲಿದ್ದವು. ಮುಚ್ಚಿದ ಮೇಲೆ ಅಲ್ಲಿ ಏನು? ಕೆಲಸ ಕಳೆದುಕೊಂಡವರಿಗೆ ಏನು ದಾರಿ? ಸೋಲಾರ್ ಎಲ್ಲಿ ಹಾಕಬೇಕು, ಹಳೇ ಹೈ ಟೆನ್ಷನ್ ಲೈನನ್ನು ಅದಕ್ಕೆ ಹೇಗೆ ಬಳಸಬೇಕು? ಇದೆಲ್ಲ ಬರೆಯುವುದು ನಮ್ಮ ಕೆಲಸ. ವರದಿಯ ಹೆಸರಿನಲ್ಲೇ "ನ್ಯಾಯಯುತ" ಅಂತ ಒಂದು ಪದ ಇತ್ತು. ಆ ಪದದ ಬಗ್ಗೆ ನನಗೆ ಬಹಳ ಅಭಿಮಾನ. ಮನೆಯ ಕರೆಂಟ್ ಬಿಲ್ಲಿನಲ್ಲಿ ನೂರಕ್ಕೆ ನೂರು ಶುದ್ಧ ವಿದ್ಯುತ್ತೇ ಬೇಕು ಅನ್ನುವ ಚೌಕಕ್ಕೆ ಟಿಕ್ ಹಾಕಿದವಳು ನಾನು. ಬಳಗದ ಊಟದ ಸಾಲಿನಲ್ಲಿ ಅದನ್ನು ಹತ್ತು ಜನಕ್ಕೆ ಹೇಳಿಯೂ ಇದ್ದೆ.

ಆ ಊರನ್ನು ಮಾತ್ರ ನಾನು ನೋಡಿರಲಿಲ್ಲ. ನಕ್ಷೆಯಲ್ಲಿ ನೋಡಿದ್ದೆ. ಉಪಗ್ರಹದ ಚಿತ್ರದಲ್ಲಿ ಕೆಂಪು ನೆಲದ ಮೇಲೆ ವಿದ್ಯುತ್ ಗೋಪುರಗಳ ನೆರಳು ಎಣಿಸಿದ್ದೆ. ನಡುನಡುವೆ ಚುಕ್ಕೆಗಳಂಥ ಮನೆಗಳೂ ಕಾಣುತ್ತಿದ್ದವು. ಅವನ್ನು ಎಣಿಸು ಅಂತ ಯಾರೂ ಹೇಳಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಸಾರ್ವಜನಿಕ ಅಹವಾಲು ಸಭೆ ಏರ್ಪಾಡಾಯಿತು. ಅವರು ತಮ್ಮ ಊರಿನ ಸಮುದಾಯ ಭವನದಲ್ಲಿ, ನಾವು ಮ್ಯಾನ್‌ಹಟನ್ನಿನ ಆಫೀಸಿನಲ್ಲಿ, ನಡುವೆ ಒಂದು ಪರದೆ. ಅಲ್ಲಿಯ ಇಡೀ ಕೋಣೆಗೆ ಒಂದೇ ಮೈಕು. ಒಬ್ಬೊಬ್ಬರಿಗೆ ಮೂರು ನಿಮಿಷ. ಗಡಿಯಾರವೂ ಮ್ಯೂಟ್ ಮಾಡುವ ಗುಂಡಿಯೂ ನನ್ನ ಕೈಯಲ್ಲಿ. ಯಾರು ಸಮಯ ನೋಡಿಕೊಳ್ಳುತ್ತೀರಿ ಅಂತ ನಮ್ಮ ತಂಡದ ಮುಖ್ಯಸ್ಥೆ ಕೇಳಿದಾಗ ನಾನೇ ಕೈ ಎತ್ತಿದ್ದೆ. "ನಮ್ಮ ಕಡೆಯ ಸಭೆಗಳಲ್ಲಿ ಇದೇ ನನ್ನ ಕೆಲಸ," ಅಂತ ಜಂಬದಿಂದ ಹೇಳಿಕೊಂಡೆ.

ಹದಿಮೂರು ಜನ ಮಾತಾಡಿದರು. ಗಣಿಯಲ್ಲಿ ಕೆಲಸ ಮಾಡಿದವರು, ಮೇಷ್ಟ್ರುಗಳು, ಕಾಲೇಜಿನ ಹುಡುಗಿಯರು. ಎಲ್ಲರೂ ಹೆಚ್ಚುಕಡಿಮೆ ಸಮಯಕ್ಕೆ ಮುಗಿಸಿದರು. ಹದಿನಾಲ್ಕನೆಯದಾಗಿ ಒಬ್ಬ ಅಜ್ಜಿ ಬಂದರು. ಮಖಮಲ್ಲಿನ ರವಿಕೆ, ಕೊರಳಲ್ಲಿ ನೀಲಿ ಕಲ್ಲಿನ ಸರ, ತಲೆಗೆ ಹೂವಿನ ಸ್ಕಾರ್ಫ್. ಪಕ್ಕದಲ್ಲಿ ಅವರ ಮಗಳು, ನನ್ನದೇ ವಯಸ್ಸಿನವಳು, ತಾಯಿಯ ಮಾತನ್ನು ಇಂಗ್ಲಿಷಿಗೆ ಹೇಳಲು ನಿಂತಿದ್ದಳು. ಅಜ್ಜಿ ಒಂದು ತಗಡಿನ ಬಕೆಟ್ಟು ತಂದಿದ್ದರು. ಖಾಲಿ ಬಕೆಟ್ಟು. ಅದನ್ನು ಮೇಜಿನ ಮೇಲಿಟ್ಟು ಮಾತಿಗೆ ತೊಡಗಿದರು.

ತಾನು ಯಾವ ಕುಲದವಳು ಅಂತ ಮೊದಲು ತಾಯಿಯ ಕಡೆಯಿಂದ ಹೇಳಿದರು. ಮಗಳು ಅದನ್ನು ಇಂಗ್ಲಿಷಿಗೆ ಹೇಳಿದಳು. ಆಮೇಲೆ ತಂದೆಯ ಕುಲ. ಮಗಳು ಮತ್ತೆ ಹೇಳಿದಳು. ಆಮೇಲೆ ತಾಯಿಯ ತಂದೆಯ ಕುಲ. ಆಮೇಲೆ ತಂದೆಯ ತಂದೆಯದು. ಆತುರವೇ ಇಲ್ಲ. ಪ್ರತಿಯೊಂದು ಹೆಸರಿಗೂ ಕೋಣೆಯಲ್ಲಿ ಒಬ್ಬಿಬ್ಬರು ತಲೆಯಾಡಿಸುತ್ತಿದ್ದರು, ಕೆಲವರು ನಗುತ್ತಿದ್ದರು. ಇತ್ತ ನನ್ನ ಗಡಿಯಾರದಲ್ಲಿ ಎರಡು ನಿಮಿಷ ದಾಟಿತ್ತು. ಅಯ್ಯೋ ದೇವರೇ, ಇಲ್ಲೂ ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ತಂಡದವರಿಗೆ ಚಾಟಿನಲ್ಲಿ ಅದನ್ನೇ ತಮಾಷೆ ಮಾಡಿ ಬರೆದೂ ಬರೆದೆ. ಇಬ್ಬರು ನಗೆಮುಖ ಕಳಿಸಿದರು.

ಅಜ್ಜಿ ಬಕೆಟ್ಟಿನ ಮೇಲೆ ಕೈಯಿಟ್ಟು ಹೊಸದೇನೋ ಶುರುಮಾಡಿದರು. ಸರಿಯಾಗಿ ಮೂರು ನಿಮಿಷ. ಗುಂಡಿ ಒತ್ತಿದೆ.

ಅಲ್ಲಿಯ ಸದ್ದೆಲ್ಲ ನಿಂತುಹೋಯಿತು. ಅಜ್ಜಿಗಾಗಲಿ ಮಗಳಿಗಾಗಲಿ ಅದು ಗೊತ್ತಾಗಲಿಲ್ಲ. ಅವರ ತುಟಿ ಆಡುತ್ತಲೇ ಇತ್ತು. ನೋಡುತ್ತ ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ, ಪರದೆಯಲ್ಲಿ ಕೆಂಪು ಅಕ್ಷರದಲ್ಲಿ "ಸಮಯ ಮುಗಿಯಿತು" ಅಂತ ಬಂದದ್ದನ್ನು ಮಗಳು ಕಂಡು ತಾಯಿಯ ತೋಳು ಮುಟ್ಟಿದಳು. ಅಜ್ಜಿ ನಿಲ್ಲಿಸಿದರು. ಕೂಗಾಟ ಇಲ್ಲ, ಗಲಾಟೆ ಇಲ್ಲ. ಬಕೆಟ್ಟು ಎತ್ತಿಕೊಂಡು ಹೋಗಿ ತಮ್ಮ ಜಾಗದಲ್ಲಿ ಕೂತರು. ನಾನು ಟಿಪ್ಪಣಿಯಲ್ಲಿ ಹೀಗೆ ಬರೆದೆ: "ಹದಿನಾಲ್ಕನೆಯವರು: ಸ್ವಪರಿಚಯ ಮಾತ್ರ. ವಿಷಯಕ್ಕೆ ಸಂಬಂಧಿಸಿದ ಅಹವಾಲು ಇಲ್ಲ." ಸಭೆ ಹೇಳಿದ ಹೊತ್ತಿಗೆ ಮುಗಿಯಿತು ಅಂತ ಮುಖ್ಯಸ್ಥೆ ನನ್ನನ್ನು ಹೊಗಳಿದಳು. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದೆ.

ಬೇಸಿಗೆಯಲ್ಲಿ ವರದಿ ಹೋಯಿತು. ಅದರಲ್ಲಿ ಮನೆಗಳನ್ನು ಬೆಚ್ಚಗಿಡುವ ವಿಷಯಕ್ಕೆ ಅಂತ ಒಂದು ಪುಟ ಇತ್ತು. "ಈ ಬಗ್ಗೆ ಯಾವ ಅಹವಾಲೂ ಬಂದಿಲ್ಲ" ಅನ್ನುವ ಒಂದೇ ಸಾಲು, ಉಳಿದದ್ದು ಖಾಲಿ. ಆ ಸಾಲೂ ನನ್ನದೇ. ಶರತ್ಕಾಲಕ್ಕೆ ಗಣಿಯ ಗೇಟು ಮುಚ್ಚಿತು. ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದರು.

ಜನವರಿಯಲ್ಲಿ ಅಜ್ಜಿಯ ಮಗಳಿಂದ ಒಂದು ಈಮೇಲ್ ಬಂತು. ಅವತ್ತು ಹೊರಗೆ ಕೊರೆಯುವ ಚಳಿ. ನಮ್ಮ ಆಫೀಸು ಹಳೇ ಕಟ್ಟಡದಲ್ಲಿದೆ, ಅಲ್ಲಿಯ ಹೀಟಿಂಗಿಗೆ ಹೆಚ್ಚು ಕಡಿಮೆ ಅನ್ನುವುದೇ ಗೊತ್ತಿಲ್ಲ. ರೇಡಿಯೇಟರ್ ಕುದಿಯುತ್ತಿತ್ತು. ಸೆಕೆ ತಾಳಲಾರದೆ ನಾನು ಸ್ವೆಟರ್ ಬಿಚ್ಚಿ ಕಿಟಕಿ ತೆರೆದು ಕೂತಿದ್ದೆ. ಹಾಗೆ ಕೂತುಕೊಂಡು ಆ ಕಾಗದ ಓದಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಆಕೆ ಬರೆದದ್ದು ಇಷ್ಟು. ಅವರ ಊರಿನ ಸುತ್ತಮುತ್ತಲ ಮನೆಗಳಲ್ಲಿ ಬಹಳಷ್ಟಕ್ಕೆ ಕರೆಂಟೇ ಇಲ್ಲ. ಸ್ಥಾವರದ ತಂತಿ ಮನೆಗಳ ತಲೆಯ ಮೇಲೇ ಹಾದು ದೂರದ ಪಟ್ಟಣಗಳಿಗೆ ಹೋಗುತ್ತದೆ. ಚಳಿಗಾಲಕ್ಕೆ ಅವರು ನಂಬಿಕೊಂಡಿದ್ದದ್ದು ಕಲ್ಲಿದ್ದಲ ಒಲೆಯನ್ನು. ಗಣಿಯವರು ಊರಿನವರಿಗೆ ಅಂತ ಗೇಟಿನ ಪಕ್ಕ ಒಂದು ರಾಶಿ ಬಿಡುತ್ತಿದ್ದರು. ಜನ ಪಿಕಪ್ ಗಾಡಿಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಗೇಟು ಮುಚ್ಚಿದ ದಿನವೇ ಆ ರಾಶಿಯೂ ಹೋಯಿತು. ಮನೆಗಳಿಗೆ ತಂತಿ ಎಳೆಸಿಕೊಡಿ, ಅಲ್ಲಿಯ ತನಕ ಒಲೆಗೆ ಏನಾದರೂ ದಾರಿ ಮಾಡಿ ಅಂತ ಊರಿನವರು ಯೋಜನೆಗೆ ಒಪ್ಪಿಗೆ ಕೊಡುವ ಮಂಜೂರಾತಿ ಕಚೇರಿಗೆ ಬರೆದುಕೊಂಡರು. "ಅಹವಾಲು ಸಭೆಯಲ್ಲಿ ಈ ವಿಷಯವನ್ನು ಯಾರೂ ಎತ್ತಿಲ್ಲವೆಂದು ದಾಖಲೆಯಲ್ಲಿದೆ, ಆದ್ದರಿಂದ ಯೋಜನೆಯಲ್ಲಿ ಸೇರಿಸಲಾಗದು" ಅಂತ ಉತ್ತರ ಬಂತು. ನನ್ನ ಅಮ್ಮ ಎತ್ತಿದ್ದರಲ್ಲ, ಆ ರೆಕಾರ್ಡಿಂಗ್ ದಯವಿಟ್ಟು ಕಳಿಸುತ್ತೀರಾ ಅಂತ ಆಕೆ ಕೇಳಿದ್ದಳು.

ಕೊನೆಗೆ ಒಂದು ಮಾತು ಸೇರಿಸಿದ್ದಳು. ನಮ್ಮಲ್ಲಿ ಮೊದಲು ಯಾರ ಕುಲ ಯಾವುದು ಅಂತ ಹೇಳಿಕೊಳ್ಳುತ್ತೇವೆ. ಆಗ ನಾನು ನಿನಗೆ ಏನಾಗಬೇಕು, ನೀನು ನನಗೆ ಏನಾಗಬೇಕು ಅಂತ ತಿಳಿಯುತ್ತದೆ. ಆಮೇಲೇ ಕೇಳುವುದು. ಏನೂ ಆಗದವರ ಹತ್ತಿರ ಏನನ್ನಾದರೂ ಕೇಳುವುದು ಹೇಗೆ ಅಂತ ನನ್ನ ಅಮ್ಮ ಹೇಳುತ್ತಾರೆ.

ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ. ಪವರ್ ಎಂಜಿನಿಯರ್ ಆಗಿದ್ದುಕೊಂಡು ಅದನ್ನು ಒಂದು ಸಲವೂ ನಕ್ಷೆಯ ಮೇಲೆ ಇಟ್ಟು ನೋಡಿರಲಿಲ್ಲ.

ಅದಕ್ಕಿಂತ ನಾಚಿಕೆಯ ಸಂಗತಿ ಅಂದರೆ, ಆ ಪರಿಚಯದ ರೀತಿ ನನಗೆ ಹೊಸದೇನೂ ಆಗಿರಲಿಲ್ಲ. ಮೈಸೂರಿನಲ್ಲಿ ನಮ್ಮ ಸೋದರತ್ತೆ ಗೇಟಿನ ಹತ್ತಿರ ನಿಂತು ಬಂದವರನ್ನೆಲ್ಲ "ನೀವು ಯಾರ ಪೈಕಿ?" ಅಂತ ಕೇಳುತ್ತಿದ್ದರು. ಮೀಟರ್ ಓದಲು ಬಂದವರನ್ನೂ ಬಿಡುತ್ತಿರಲಿಲ್ಲ. ಎಳೆ ಹಿಡಿದು ಹಿಡಿದು, ಎಲ್ಲೋ ಒಂದು ಗಂಟು ಸಿಕ್ಕಿದ ಕೂಡಲೇ ಮುಖ ಅರಳಿ "ಹಾಗಾದ್ರೆ ನೀವು ನಮಗೆ ಭಾವ ಆಗ್ಬೇಕು, ಬನ್ನಿ ಒಳಗೆ, ಕಾಫಿ ಕುಡೀದೆ ಹೋಗೋ ಹಾಗಿಲ್ಲ" ಅನ್ನುತ್ತಿದ್ದರು. ಗಂಟು ಸಿಗದವರಿಗೂ ಕಾಫಿ ಇತ್ತು, ಆದರೆ ಜಗುಲಿಯ ಮೇಲೆ, ಬೇರೆ ಲೋಟದಲ್ಲಿ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಜಾತಿ ಇತ್ತು. ಅದು ತಿಳಿಯುವ ವಯಸ್ಸಾದ ಮೇಲೆ ನನಗೆ ಆ ಪ್ರಶ್ನೆಯನ್ನೇ ಕಂಡರಾಗದೆ ಹೋಯಿತು. ಆಗದೆ ಹೋದದ್ದು ತಪ್ಪಲ್ಲ. ಆದರೆ ಲೋಕದಲ್ಲಿ ಯಾರೇ ಕುಲ ಹೇಳಿದರೂ ಅದು ನಮ್ಮತ್ತೆಯ ಬೇರೆ ಲೋಟ ಅಂತಲೋ, ನಮ್ಮ ಬಳಗದ ಆಸೀನರಾಗಿರುವ ಗಣ್ಯರು ಅಂತಲೋ ತಿಳಿದುಕೊಂಡೆನಲ್ಲ, ಅದು ತಪ್ಪು. ಒಬ್ಬರನ್ನು ಹೊರಗೆ ಕೂರಿಸಲು ಕೇಳುವುದು ಬೇರೆ, ಒಳಗೆ ಕರೆಯಲು ಹೇಳಿಕೊಳ್ಳುವುದು ಬೇರೆ. ಅಷ್ಟು ವ್ಯತ್ಯಾಸ ತಿಳಿಯಲು ಇನ್ನೊಂದು ನಿಮಿಷ ಕೇಳಿಸಿಕೊಂಡಿದ್ದರೆ ಸಾಕಿತ್ತು.

ಮಧ್ಯಾಹ್ನ ಊಟಕ್ಕೆ ಹೋಗದೆ ರೆಕಾರ್ಡಿಂಗ್ ಹಾಕಿ ನೋಡಿದೆ. ಸದ್ದಿಲ್ಲದೆ ಆಡುವ ತುಟಿ. ಬಕೆಟ್ಟಿನ ಮೇಲೆ ಕೈ. ಹಿಂದಕ್ಕೆ ಹಾಕಿ ಹಾಕಿ ನೋಡಿದೆ. ತುಟಿ ನೋಡಿ ಅರ್ಥಮಾಡಿಕೊಳ್ಳಲು ಅದು ನನಗೆ ಬರುವ ಭಾಷೆಯೂ ಅಲ್ಲ.

ಇಷ್ಟಾದ ಮೇಲೆ ಏನು ಮಾಡಬೇಕಿತ್ತು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಮುಖ್ಯಸ್ಥೆಯ ಹತ್ತಿರ ಹೋದೆ. ಅವಳು ಕೆಟ್ಟವಳಲ್ಲ. ದಾಖಲೆಗೆ ತಿದ್ದುಪಡಿ ಕಳಿಸೋಣ ಅಂದಳು. ಕಾರಣದ ಜಾಗದಲ್ಲಿ ಏನು ಬರೆಯೋಣ ಅಂತ ಕೇಳಿದೆ. "ಧ್ವನಿ ಹೋಗಿತ್ತು ತಾನೇ? ಸಮುದಾಯ ಭವನದ ಕಡೆಯಿಂದ ಧ್ವನಿ ಬರಲಿಲ್ಲ ಅಂತ ಬರೆ. ಅದು ಸುಳ್ಳಲ್ಲವಲ್ಲ," ಅಂದಳು.

ಬರೆದೆ. "ಸಮುದಾಯ ಭವನದ ಕಡೆಯ ಧ್ವನಿ ಸಂಪರ್ಕದಲ್ಲಿ ತಾಂತ್ರಿಕ ಅಡಚಣೆ ಉಂಟಾಗಿ." ಕನ್ನಡದಲ್ಲಿ ಹೇಳುವಾಗ ಅದು ಎಷ್ಟು ಹೊಲಸಾಗಿ ಕೇಳುತ್ತದೆ ನೋಡಿ. ಇಂಗ್ಲಿಷಿನಲ್ಲಿ ಬಹಳ ಗೌರವಸ್ಥ ವಾಕ್ಯವಾಗಿತ್ತು. ಕಳಿಸಿ, ಪುಣ್ಯದ ಕೆಲಸ ಮಾಡಿದವಳ ಹಾಗೆ ಆರೂ ಹದಿನೈದರ ರೈಲು ಹಿಡಿದು ಮನೆಗೆ ಹೋದೆ.

ಎರಡು ವಾರದ ಮೇಲೆ ಕಚೇರಿಯ ಉತ್ತರ ನನಗೂ ಅಜ್ಜಿಯ ಮಗಳಿಗೂ ಒಟ್ಟಿಗೇ ಬಂತು. ಉಪಕರಣವನ್ನು ಸರಿಯಾಗಿಟ್ಟುಕೊಳ್ಳುವುದು ಆಯಾ ಸಮುದಾಯದ ಜವಾಬ್ದಾರಿ, ಆ ಕಾರಣಕ್ಕೆ ದಾಖಲೆಯನ್ನು ಮತ್ತೆ ತೆರೆಯಲಾಗದು, ಮುಂದಿನ ಸುತ್ತಿನ ಸಭೆಯಲ್ಲಿ ಹೇಳಿಕೊಳ್ಳಿ. ಅದರ ಹಿಂದೆಯೇ ಆಕೆಯ ಕಾಗದ ಬಂತು.

"ನನ್ನನ್ನು ಕ್ಷಮಿಸಿ," ಅಂತ ಬರೆದಿದ್ದಳು. "ಮೈಕ್ ಜೋಡಿಸಿದ್ದು ನಾನೇ. ಅವತ್ತು ಬೆಳಿಗ್ಗೆ ಎರಡು ಸಲ ಪರೀಕ್ಷೆ ಮಾಡಿದ್ದೆ, ಆದರೂ ಎಲ್ಲೋ ತಪ್ಪಿದ್ದೇನೆ. ತಪ್ಪು ನನ್ನದು ಅಂತ ಅಮ್ಮನಿಗೂ ಅವರ ತಂಗಿಗೂ ಹೇಳಿದೆ. ನಮಗೋಸ್ಕರ ತಿದ್ದುಪಡಿ ಕಳಿಸಿದ್ದಕ್ಕೆ ನಿಮಗೆ ಕೃತಜ್ಞತೆ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೂ, ಇದನ್ನೂ ಹೇಳಿಬಿಡುತ್ತೇನೆ, ಆ ಕಾಗದಕ್ಕೆ ಐದು ದಿನ ಉತ್ತರ ಬರೆಯಲಿಲ್ಲ. ಒಂದು ದಿನ ಸಾಲು ಸಾಲು ಮೀಟಿಂಗ್ ಇತ್ತು. ಒಂದು ದಿನ ತಲೆನೋವು ಅಂದುಕೊಂಡೆ. ಉಳಿದ ಮೂರು ದಿನಕ್ಕೆ ನನ್ನ ಹತ್ತಿರ ನೆಪವೂ ಇರಲಿಲ್ಲ.

ಭಾನುವಾರ ನನ್ನ ಮಗಳ ಜೊತೆ ಜ್ಯಾಕ್ಸನ್ ಹೈಟ್ಸ್‌ಗೆ ಹೋಗಿದ್ದೆ. ಅವಳು ಇಲ್ಲೇ ಹುಟ್ಟಿದವಳು, ಕಾಲೇಜು ಮುಗಿಸಿ ಕ್ವೀನ್ಸ್‌ನಲ್ಲಿ ಶಾಲೆಯ ಮೇಡಂ ಆಗಿದ್ದಾಳೆ. ಎಪ್ಪತ್ತನಾಲ್ಕನೇ ಬೀದಿಯ ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿನ್ನುವಾಗ, ಆಫೀಸಿನ ಒಂದು ತಮಾಷೆ ಹೇಳುವ ಹಾಗೆ ವಿಷಯ ತೆಗೆದೆ. ಅವಳು ನಗುತ್ತಾಳೆ, ಹೋಗಲಿ ಬಿಡು ಅನ್ನುತ್ತಾಳೆ ಅಂತ ಒಳಗೊಳಗೇ ಆಸೆ ಇತ್ತು.

"ವೇಯ್ಟ್. ಶಿ ಅಪಾಲಜೈಸ್ಡ್ ಟು ಯೂ?" ಅಂದಳು.

"ಹೂಂ ಕಣೇ. ಅವಳಿಗೆ ಗೊತ್ತಿಲ್ವಲ್ಲ."

"ಅಮ್ಮಾ, ಯೂ ಮ್ಯೂಟೆಡ್ ಹರ್ ಮದರ್. ಆಂಡ್ ದೆನ್ ಯೂ ಬ್ಲೇಮ್ಡ್ ದ ಮೈಕ್?"

"ಹಾಗಲ್ಲ ಮರಿ, ರೂಲ್ಸ್ ಪ್ರಕಾರ ಮೂರು ನಿಮಿಷ..."

ಅವಳು ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿದಳು. ಸಾಮಾನ್ಯವಾಗಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅವತ್ತು ನನ್ನ ಮುಖ ನೋಡಿ ಕನ್ನಡದಲ್ಲೇ ಹೇಳಿದಳು: "ನಾನು ಚಿಕ್ಕೋಳಿದ್ದಾಗ ಸುಳ್ಳು ಹೇಳಿದ್ರೆ ನೀನು ಊಟ ಹಾಕ್ತಿರ್ಲಿಲ್ಲ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವರೂ ನಮ್ಮ ಕಡೆಯವರೇ ಇರಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಒಂದು ಗುಂಡಿಗೆ ಹೋಗಿತ್ತು.

ಸೋಮವಾರ ಬೆಳಿಗ್ಗೆ ರೈಲಿನಲ್ಲೇ ಬರೆದೆ. ಮಂಜೂರಾತಿ ಕಚೇರಿಗೆ ಒಂದು, ಅಜ್ಜಿಯ ಮಗಳಿಗೆ ಒಂದು. ಮೈಕಿಗೆ ಏನೂ ಆಗಿರಲಿಲ್ಲ, ಧ್ವನಿ ನಿಲ್ಲಿಸಿದ್ದು ನಾನು, ಅಹವಾಲು ಇಲ್ಲ ಅಂತ ಬರೆದದ್ದೂ ನಾನು, ಅಡಚಣೆ ಅಂತ ಸುಳ್ಳು ಹೇಳಿದ್ದೂ ನಾನು. ಮುಖ್ಯಸ್ಥೆಗೆ ಒಂದು ಪ್ರತಿ. ಅವಳ ಸಲಹೆ ಅಂತ ಎಲ್ಲೂ ಬರೆಯಲಿಲ್ಲ, ಯಾಕೆಂದರೆ ಸಲಹೆಗೆ ತಲೆಯಾಡಿಸಿದ್ದು ನನ್ನದೇ ತಲೆ. ಹತ್ತು ಗಂಟೆಗೆ ಅವಳು ಕರೆದಳು. ಕೆಲಸ ಹೋಗಲಿಲ್ಲ. ಯೋಜನೆಯಿಂದ ತೆಗೆದು, ನೆವಾರ್ಕಿನ ಒಂದು ಪಾರ್ಕಿಂಗ್ ಕಟ್ಟಡದ ದೀಪಗಳ ಕೆಲಸಕ್ಕೆ ಹಾಕಿದರು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ನನಗೆ ತಕ್ಕ ಕೆಲಸ.

ಕಚೇರಿಯವರು ದಾಖಲೆ ಮತ್ತೆ ತೆರೆದರು. ಅಜ್ಜಿಯ ಹೇಳಿಕೆಯನ್ನು ಬರವಣಿಗೆಯಲ್ಲಿ ಸೇರಿಸಬಹುದು, ಮನೆಗಳ ವಿಷಯವನ್ನು ಹೊಸದಾಗಿ ಪರಿಶೀಲಿಸುತ್ತೇವೆ ಅಂದರು. ಎಷ್ಟು ದಿನದಲ್ಲಿ ಅಂತ ಹೇಳಲಿಲ್ಲ. ಅಜ್ಜಿಯ ಮಗಳಿಂದ ಮಾತ್ರ ಬಹಳ ದಿನ ಸುದ್ದಿ ಇಲ್ಲ. ಏಪ್ರಿಲ್‌ನಲ್ಲಿ ಎರಡೇ ಸಾಲು ಬಂತು. ನನ್ನ ಅಮ್ಮ ನಿಮ್ಮನ್ನು ನೋಡಬೇಕಂತೆ. ನಿಮಗೆ ಬಿಡುವಾದಾಗ ವಿಡಿಯೋದಲ್ಲಿ ಬನ್ನಿ.

ಆಫೀಸಿನಲ್ಲಿ ಮಧ್ಯಾಹ್ನ ಒಂದು ಚಿಕ್ಕ ಕೋಣೆ ಹಿಡಿದೆ. ಕ್ಷಮಾಪಣೆಯನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದುಕೊಂಡಿದ್ದೆ. ಪರದೆಯಲ್ಲಿ ತಾಯಿ ಮಗಳು ಒಂದು ಅಡುಗೆಮನೆಯಲ್ಲಿ ಕೂತಿದ್ದರು. ಗೋಡೆಗೆ ಸ್ವಿಚ್ಚು, ಹಿಂದೆ ಫ್ರಿಜ್ಜು. ಅದು ಪಟ್ಟಣದಲ್ಲಿರುವ ಮಗಳ ಮನೆ. ನಾನು ಕಾಗದ ತೆಗೆದು ಓದಲು ಶುರುಮಾಡಿದೆ. ಅಜ್ಜಿ ಕೈ ಎತ್ತಿದರು.

"ಅದು ಆಮೇಲೆ," ಅಂದಳು ಮಗಳು. "ಮೊದಲು ನೀವು ಯಾರು ಅಂತ ಅಮ್ಮ ಕೇಳುತ್ತಿದ್ದಾರೆ."

ನನ್ನ ಹುದ್ದೆ ಹೇಳಿದೆ. ಕಂಪನಿ ಹೇಳಿದೆ. ಅಜ್ಜಿ ತಲೆಯಲ್ಲಾಡಿಸಿ ಏನೋ ಅಂದರು. ಮಗಳು ಸಣ್ಣಗೆ ನಕ್ಕಳು. "ಅದಲ್ಲವಂತೆ. ನಿಮ್ಮ ಅಮ್ಮನ ಕಡೆಯವರು ಯಾರು ಅಂತ."

ತಂದೆಯ ಗೋತ್ರ ನನಗೆ ಬಾಯಿಪಾಠ. ತಂದೆಯ ತಂದೆಯದೂ ಅದೇ. ಅದನ್ನು ಹೇಳಿದೆ. ಅಮ್ಮನ ತವರು ಶ್ರೀರಂಗಪಟ್ಟಣದ ಹತ್ತಿರ, ಹೊಳೆಯ ದಂಡೆ, ಅಂದೆ. ಆದರೆ ಅಮ್ಮನ ಅಮ್ಮ ಯಾರ ಪೈಕಿ? ಅವರ ಅಮ್ಮ? ನಮ್ಮಲ್ಲಿ ಹೆಣ್ಣಿನ ಕಡೆಯದು ಧಾರೆಯ ದಿನವೇ ನೀರಿನ ಜೊತೆ ಹೋಗಿಬಿಡುತ್ತದೆ. ನಾನೂ ಕೇಳಿ ಇಟ್ಟುಕೊಂಡಿರಲಿಲ್ಲ. ಅಜ್ಜಿ ಕಾದರು. ಎಷ್ಟು ಹೊತ್ತು ಕಾದರೋ. ಅಲ್ಲಿ ಕೆಂಪು ಅಕ್ಷರದಲ್ಲಿ ಏನೂ ಬರಲಿಲ್ಲ, ನನ್ನನ್ನು ಯಾರೂ ಮ್ಯೂಟ್ ಮಾಡಲಿಲ್ಲ. "ನನಗೆ ಗೊತ್ತಿಲ್ಲ," ಅಂದೆ ಕೊನೆಗೆ. ಅಷ್ಟು ಹೇಳುವುದರಲ್ಲಿ ಕಣ್ಣಲ್ಲಿ ನೀರು ಬಂತು. ಬರೆದುಕೊಂಡಿದ್ದ ಕ್ಷಮಾಪಣೆಯನ್ನು ಬಿಟ್ಟು, "ನನ್ನಿಂದ ತಪ್ಪಾಯಿತು. ಸುಳ್ಳೂ ಹೇಳಿದೆ. ನಾಚಿಕೆಯಾಗಿದೆ," ಅಂತಷ್ಟೇ ಹೇಳಿದೆ.

ಅಜ್ಜಿ ಮಾರ್ಚಿನ ಸಭೆಯಲ್ಲಿ ಹೇಗೋ ಹಾಗೆ, ಮೊದಲಿನಿಂದ ಶುರುಮಾಡಿದರು. ತಾಯಿಯ ಕುಲ, ತಂದೆಯದು, ತಾಯಿಯ ತಂದೆಯದು, ತಂದೆಯ ತಂದೆಯದು. ಈ ಸಲ ಕೇಳಿಸಿಕೊಂಡೆ. ಆಮೇಲೆ, ಅವತ್ತು ಬಕೆಟ್ಟಿನ ಮೇಲೆ ಕೈಯಿಟ್ಟು ಹೇಳಲು ಹೊರಟಿದ್ದನ್ನು ಹೇಳಿದರು. ಮಗಳು ಇಂಗ್ಲಿಷಿಗೆ ತಂದಳು: "ಗಣಿ ಮುಚ್ಚಿ, ಬೇಡ ಅನ್ನುವುದಿಲ್ಲ, ನನ್ನ ಗಂಡ ಅದರ ಧೂಳಿನಲ್ಲೇ ಹೋದ. ಆದರೆ ಮುಚ್ಚುವ ಮೊದಲು ನಮ್ಮ ತಲೆಯ ಮೇಲಿನ ತಂತಿಯಿಂದ ನಮ್ಮ ಮನೆಗೊಂದು ತಂತಿ ಕೊಡಿ. ತಂತಿ ಬರುವ ತನಕ ಈ ಬಕೆಟ್ಟು ಖಾಲಿ ಇಡಬೇಡಿ."

ಹಾಳು ಅಭ್ಯಾಸ, ಕಣ್ಣು ಪರದೆಯ ಮೂಲೆಯ ಗಡಿಯಾರಕ್ಕೆ ಹೋಗಿತ್ತು. ಅಷ್ಟು ಹೇಳುವುದಕ್ಕೆ, ಮಗಳ ಮಾತೂ ಸೇರಿ, ಒಂದು ನಿಮಿಷವೂ ಹಿಡಿದಿರಲಿಲ್ಲ.

"ಈಗ ನಿಮ್ಮ ಮನೆಯಲ್ಲಿ..." ಅಂತ ಕೇಳಿದೆ.

ಮಗಳೇ ಉತ್ತರ ಕೊಟ್ಟಳು. ಡಿಸೆಂಬರಿನಲ್ಲಿ ಆ ಮನೆಗೆ ಬೀಗ ಹಾಕಿ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಕುರಿಗಳನ್ನು ಮಾರಿದೆವು. ಚಿಕ್ಕಮ್ಮ ಬರಲು ಒಪ್ಪಲಿಲ್ಲ, ಪಕ್ಕದ ಮನೆಯಲ್ಲೇ ಇದ್ದಾರೆ. ಸೌದೆ ಉರಿಸುತ್ತಾರೆ. ಸೌದೆ ಸಿಗದ ದಿನ ಹಳೇ ದೊಡ್ಡಿಯ ಕಂಬಗಳನ್ನು ಕಡಿದು ಉರಿಸಿದರು. ಇನ್ನು ಕೆಲವೇ ಕಂಬ ಉಳಿದಿವೆ. ಆಕೆ ಇದನ್ನೆಲ್ಲ ಯಾರನ್ನೂ ದೂರದೆ ಹೇಳಿದಳು. ನಾನು ತಲೆ ತಗ್ಗಿಸಿ ಕೇಳಿದೆ.

ಮುಗಿಸುವ ಮೊದಲು, ಯಾವ ಬಾಯಿಂದ ಕೇಳಿದೆನೋ, ನಮ್ಮ ಸೋದರತ್ತೆಯ ಧಾಟಿಯಲ್ಲೇ ಕೇಳಿಬಿಟ್ಟೆ. "ನಾನು ನಿಮಗೆ ಏನಾಗಬೇಕು ಅಂತ ಅಮ್ಮನನ್ನು ಕೇಳುತ್ತೀರಾ?"

ಮಗಳು ಕೇಳಿದಳು. ಅಜ್ಜಿ ಪರದೆಯ ಹತ್ತಿರ ಬಂದು ನನ್ನನ್ನು ಚೆನ್ನಾಗಿ ನೋಡಿದರು. ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ. ಎರಡು ಮಾತು ಹೇಳಿ ಎದ್ದು ಒಳಗೆ ಹೋದರು.

"ಏನಂದರು?"

ಮಗಳು ಸ್ವಲ್ಪ ಹಿಂಜರಿದಳು.

"ತಂಗಿಯ ಮನೆಗೆ ತಂತಿ ಬರಲಿ, ಆಮೇಲೆ ಹೇಳುತ್ತಾರಂತೆ."